ಬಂತಾ? ಬಂತು!

ನನ್ನದು ಅನುಮಾನದ ಸ್ವಭಾವ ಎಂದು ನಮ್ಮವರು ನೆಂಟರಿಷ್ಟರ ಮುಂದೆಲ್ಲ ಹೇಳಿಕೊಂಡು ಬರುತ್ತಾರೆ. ಅವರು ಹಾಗೇಕೆ ಹೇಳುತ್ತಾರೆ ಎಂಬುದರ ಮೇಲೂ ನನಗೆ ಅನುಮಾನವಿದೆ.

ಕೇಬಲ್ ಕೀಳಿಸಿ ತಾರಸಿಯ ಮೇಲೆ ಆಂಟೆನಾ ಪ್ರತಿಷ್ಠಾಪಿಸುವ ಘನ ಯೋಜನೆ ನನ್ನದೇ, ಒಪ್ಪಿಕೊಳ್ಳುತ್ತೇನೆ. ಗಾಳಿಯಲ್ಲಿ ಪುಕ್ಕಟೆ ತೇಲಿ ಬರುವ ಚಾನೆಲ್ಲುಗಳಿರುವಾಗ ಕೇಬಲ್ಲಿನವನನ್ನು ಯಾಕೆ ಸಾಕಬೇಕು ಎಂದು ಒಂದು ವಾರ ಭಾಷಣ ಮಾಡಿದೆ.

"ಧಾರಾವಾಹಿ ಹೋಗತ್ತಲ್ಲೇ?" ಎಂದರು ಅತ್ತೆ.

"ಹೋದ್ರೆ ಹೋಗ್ಲಿ ಬಿಡಿ ಅತ್ತೆ, ಪೀಡೆ ಕಳೀತು" ಎಂದೆ. (ನಿಜ ಹೇಳಬೇಕೆಂದರೆ, ಅದನ್ನು ಒಂದು ದಿನವೂ ತಪ್ಪಿಸದವಳು ನಾನೇ. ಧಾರಾವಾಹಿಯ ಹಿರಿಸೊಸೆ ಆಗ ತಾನೇ ನೆನಪು ಕಳೆದುಕೊಂಡು ಆಸ್ಪತ್ರೆ ಸೇರಿದ್ದಳು.)

ನಮ್ಮವರು ನೀರಿನ ಟ್ಯಾಂಕಿನ ಪಕ್ಕ ಕಬ್ಬಿಣದ ಪೈಪು ನಿಲ್ಲಿಸಿ, ತುದಿಗೆ ಆಂಟೆನಾ ಬಿಗಿದು, ವೈರನ್ನು ಕಿಟಕಿಯಿಂದ ಒಳಕ್ಕೆ ಇಳಿಬಿಟ್ಟರು. ಆಮೇಲೆ ಶುರುವಾಯಿತು ನೋಡಿ. ಅವರು ಮೇಲಿನಿಂದ "ಬಂತಾ?" ಅನ್ನುವುದು, ನಾನು ಕೆಳಗಿನಿಂದ "ಬಂತು, ಬಂತು... ಅಯ್ಯೋ, ಹೋಯ್ತು!" ಅನ್ನುವುದು. ಕೊನೆಗೆ ಎರಡು ಚಾನೆಲ್ ಬಂದವು. ಒಂದರಲ್ಲಿ ಸದಾ ಹವಾಮಾನ, ಇನ್ನೊಂದರಲ್ಲಿ ಸದಾ ಭಾಷಣ. ಅದೂ ಭಾಷಣಕಾರರ ಮುಖ ಚೌಕಚೌಕವಾಗಿ ಒಡೆದು, ಮೂಗೊಂದು ಕಡೆ, ಬಾಯೊಂದು ಕಡೆ. ಆದರೂ "ಎಷ್ಟು ಸ್ಪಷ್ಟ!" ಎಂದು ಹೊಗಳಿದೆ. ಯೋಜನೆ ನನ್ನದಲ್ಲವೇ?

ಅನುಮಾನ ಹುಟ್ಟಿದ್ದು ಆಮೇಲೆ. ಒಂದು ಲೋಟ ನೀರಿಗೂ ಕುರ್ಚಿ ಬಿಟ್ಟೇಳದ ಈ ಮನುಷ್ಯ, ದಿನಾ ಸಂಜೆ ಏಳಕ್ಕೆ ಸರಿಯಾಗಿ "ದಿಕ್ಕು ಸ್ವಲ್ಪ ತಿದ್ದಬೇಕು" ಎಂದು ಮೆಟ್ಟಿಲು ಹತ್ತತೊಡಗಿದರು. ಮೂರನೆಯ ದಿನ ಜೊತೆಗೆ ದಿಂಬೂ ಹೊರಟಿತು.

"ರೀ, ಆಂಟೆನಾಗೆ ದಿಂಬು ಯಾಕೆ?"

"ಮಂಡಿಯೂರಿ ಕೆಲಸ ಮಾಡ್ಬೇಕಲ್ಲೇ. ತಾಂತ್ರಿಕ ವಿಷಯ, ನಿಂಗೊತ್ತಾಗಲ್ಲ."

"ಮತ್ತೆ ಆ ಕನ್ನಡಕ ಯಾಕೆ?"

ಅವರ ಬಳಿ ಕನ್ನಡಕ ಎರಡು. ಓದಲು ಒಂದು, ದೂರಕ್ಕೆ ಒಂದು. ಮೂಗಿನ ಮುಂದಿನ ನಟ್ಟು ತಿರುಗಿಸಲು ಹೊರಟವರು ಹಾಕಿಕೊಂಡಿದ್ದು ದೂರದ್ದು! "ಕೈಗೆ ಸಿಕ್ಕಿದ್ದು ಹಾಕ್ಕೊಂಡೆ" ಎಂದು ತಡವರಿಸಿ ಮಾಯವಾದರು.

ನಮ್ಮ ತಾರಸಿಯಿಂದ ದೂರಕ್ಕೆ ಕಾಣುವುದೆಂದರೆ ಎದುರುಮನೆಯ ಮಹಡಿ, ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಟೈಲರಮ್ಮ. ನನ್ನ ಬಟ್ಟೆಯನ್ನೆಲ್ಲ ಬಿಗಿ ಹೊಲಿದು, "ನೀವೇ ಸ್ವಲ್ಪ ತುಂಬ್ಕೊಂಡಿದ್ದೀರ" ಅನ್ನುವವಳು. ನಾಲ್ಕನೆಯ ಸಂಜೆ ಕಿಟಕಿಗೆ ಕಿವಿಗೊಟ್ಟು ನಿಂತೆ. ಮೇಲಿನಿಂದ ನಮ್ಮವರ ದನಿ ಕೇಳಿಸಿತು.

"ಪರದೆ ಇನ್ನೂ ಸ್ವಲ್ಪ ಸರಿಸಿ... ಹಾಂ, ಬಂತು! ಈಗ ಚೆನ್ನಾಗಿ ಕಾಣ್ತಿದೆ!"

ಆಂಟೆನಾ ತಿರುಗಿಸುವವರು "ಬಂತಾ?" ಎಂದು ಕೇಳಬೇಕು. "ಬಂತು" ಅನ್ನುವುದು ಕೆಳಗೆ ಟಿವಿ ಮುಂದೆ ಕೂತವರ ಹಕ್ಕು. ತಾರಸಿಯ ಮೇಲಿದ್ದವರಿಗೆ ಬಂದದ್ದೇನು? ಕಂಡದ್ದೇನು? ಅದೂ ಪರದೆ ಸರಿಸಿದ ಮೇಲೆ? ಇಷ್ಟು ವರ್ಷದ ಸಂಸಾರ ಹೀಗಾಯಿತಲ್ಲ ಎಂದು ನಿಜಕ್ಕೂ ಅಳು ಬಂತು. ಅಳು ಸಾಲದು ಅನ್ನಿಸಿ ಸೌಟು ಹಿಡಿದುಕೊಂಡೆ.

"ಅತ್ತೆ, ನೀವು ಟಿವಿ ನೋಡ್ತಿರಿ. ಇವತ್ತು ದಿಕ್ಕು ತಿದ್ದೋದು ನಾನು."

ಮೇಲೆ ನಮ್ಮವರು ದಿಂಬಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಆಂಟೆನಾ ಅವರ ಬೆನ್ನ ಹಿಂದೆ ಅನಾಥವಾಗಿ ನಿಂತಿತ್ತು.

"ಯಾರನ್ರೀ ನೋಡ್ತಿದ್ದೀರ?"

"ಹಿರಿಸೊಸೇನ" ಎಂದರು, ತಲೆಯನ್ನೂ ತಿರುಗಿಸದೆ.

"ಯಾವ ಮನೆ ಹಿರಿಸೊಸೇನ?!"

"ಶ್! ನೆನಪು ಬರೋ ಹಾಗಿದೆ ಕಣೇ."

ಎದುರು ಕಿಟಕಿಯೊಳಗೆ ಬೀರುವಿನಷ್ಟು ದೊಡ್ಡ ಟಿವಿ. ಅದರಲ್ಲಿ ಆಸ್ಪತ್ರೆಯ ಮಂಚದ ಮೇಲೆ ನನ್ನ ಹಿರಿಸೊಸೆ, ಕಣ್ಣು ಪಿಳಿಪಿಳಿ ಬಿಡುತ್ತ! ಹೊಲಿಗೆ ಯಂತ್ರದ ಸದ್ದಿಗೆ ಮೀರಿ ಟೈಲರಮ್ಮ ಇಟ್ಟಿದ್ದ ಟಿವಿಯ ದನಿ ಬೀದಿ ದಾಟಿ ನಮಗೂ ಧಾರಾಳವಾಗಿ ಕೇಳುತ್ತಿತ್ತು. ಧಾರಾವಾಹಿ ಎಂದರೆ ಮೂಗು ಮುರಿಯುತ್ತಿದ್ದ ಮಹಾನುಭಾವರು ನಾಲ್ಕು ದಿನದಿಂದ ಮಾಡುತ್ತಿದ್ದುದು ಅಕ್ಷರಶಃ ದೂರದರ್ಶನ.

"ನಂಗೆ ಹೇಳೋಕೇನು ಧಾಡಿ?"

"ನೀನೇ ಪೀಡೆ ಕಳೀತು ಅಂದ್ಯಲ್ಲ. ಮೇಲಾಗಿ ಆ ಚೌಕದ ಮುಖಗಳನ್ನ ನೋಡಿ ‘ಎಷ್ಟು ಸ್ಪಷ್ಟ’ ಅಂತಿದ್ದೆ. ಯಾಕೆ ನಿನ್ನ ಸಂತೋಷ ಹಾಳು ಮಾಡ್ಲಿ ಅಂತ..."

ಚೆನ್ನಾಗಿ ಬೈಯಬೇಕಿತ್ತು. ಆದರೆ ಹಿರಿಸೊಸೆ ತುಟಿ ಅಲುಗಿಸಿದಳು. ನಮ್ಮವರು ದಿಂಬಿನಲ್ಲಿ ಅರ್ಧ ಜಾಗ ಬಿಟ್ಟರು, ಕೂತೆ. ನನ್ನನ್ನು ಕಂಡ ಟೈಲರಮ್ಮ ಪರದೆಯನ್ನು ಪೂರ್ತಿ ಸರಿಸಿದಳು. (ದೇವತೆಯಂಥ ಹೆಂಗಸು. ಬಟ್ಟೆ ಬಿಗಿಯಾಗಿದ್ದು ನನ್ನದೇ ತಪ್ಪು.)

ಅಷ್ಟರಲ್ಲಿ ಕೆಳಗಿನಿಂದ ಅತ್ತೆಯ ಕೂಗು: "ಇಲ್ಲೇನೂ ಬರ್ತಿಲ್ಲ ಕಣೇ!"

"ಇಲ್ಲಿ ಬಂತು ಅತ್ತೆ! ಚೆನ್ನಾಗಿ ಕಾಣ್ತಿದೆ!" ಎಂದು ಕೂಗಿಬಿಟ್ಟೆ.

ನಮ್ಮವರು ಹಣೆ ಚಚ್ಚಿಕೊಂಡರು. ಆಮೇಲೆ ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಒಂದೊಂದಾಗಿ ಹತ್ತಿ ಬಂತು.

"ಸೌಟು ಹಿಡ್ಕೊಂಡು ಆಂಟೆನಾ ತಿದ್ದೋಕೆ ಹೊರಟಾಗ್ಲೇ ನಂಗೆ ಅನುಮಾನ ಬಂದಿತ್ತು" ಎಂದ ಅತ್ತೆ ಎದುರು ಕಿಟಕಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಪೀಡೆ ಕಳೀತಂತೆ, ಪೀಡೆ! ಸರ್ಕೊಳ್ಳೇ ಆಚೆ."

ದಿಂಬಿನಲ್ಲಿ ನನ್ನ ಅರ್ಧ ಅತ್ತೆಗೆ ಹೋಯಿತು. ನಾನು ಬರಿನೆಲದಲ್ಲಿ ಆಂಟೆನಾದ ಪೈಪಿಗೆ ಒರಗಿ ಕೂತೆ. ಅದು ಉಪಯೋಗಕ್ಕೆ ಬಂದದ್ದು ಅದೇ ಮೊದಲು.