ಊಟ ಆಯಿತಾ ಎಂದು ಕೇಳಿದ ಕಂಪ್ಯೂಟರು

ಬ್ಯಾಂಕಿನವರು ಕೊಡಿಸಿದ ಕಂಪ್ಯೂಟರ್ ತರಬೇತಿ ಮುಗಿಸಿ ಬಂದ ಮೇಲೆ ತಾರಾನಾಥ ಫಳ್ನೀರಿನ ತನ್ನ ಮನೆಯಲ್ಲಿ ಸಾಮಾನ್ಯ ಮನುಷ್ಯನಂತೆ ಓಡಾಡುವುದನ್ನೇ ಬಿಟ್ಟಿದ್ದ. ಹಾಗಿರುವಾಗ, ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದ ಹೆಂಡತಿಯ ತಮ್ಮ ಚಿತ್ತರಂಜನ ಊರಿಗೆ ಬರುವಾಗ ಅಂಗೈಯಲ್ಲಿ ಹಿಡಿಸುವ ಕಂಪ್ಯೂಟರೊಂದನ್ನು ಜೇಬಿಗೆ ಹಾಕಿಕೊಂಡು ಬಂದುಬಿಟ್ಟ. ಕನ್ನಡಕದ ಡಬ್ಬಿಯಂತೆ ತೆರೆಯುವ ಆ ಪುಟಾಣಿಯನ್ನು ಕಂಡು ತಾರಾನಾಥ ಪಣ ತೊಟ್ಟ. ಈ ಭಾವ ಎಂದರೆ ಯಾರು ಎಂದು ಅವನಿಗೆ ತೋರಿಸಿಯೇ ಸಿದ್ಧ!

ಚಿತ್ತರಂಜನನಿಗೆ ಸಂಜೆ ಬೊಂಬಾಯಿ ಬಸ್ಸು. ಒಣಮೀನು ಕಟ್ಟಿಸಿಕೊಂಡು ಬರಲು ಅವನು ಕಂಪ್ಯೂಟರನ್ನು ಮನೆಯಲ್ಲೇ ಬಿಟ್ಟು ಕಂಕನಾಡಿ ಮಾರ್ಕೆಟಿಗೆ ಹೋದದ್ದೇ ತಡ, ತಾರಾನಾಥ ಕೆಲಸಕ್ಕಿಳಿದ. ಯಂತ್ರ ಎಚ್ಚರವಾದ ಕೂಡಲೇ ಮೊದಲು ಓದುವ ಫೈಲೊಂದು ಇರುತ್ತದೆ. ಅದರಲ್ಲಿ ನಾಲ್ಕು ಸಾಲು ಬರೆದ. ಇನ್ನು ಸ್ವಿಚ್ ಒತ್ತಿದರೆ ಅದು ಇಂಗ್ಲಿಷ್ ಅಕ್ಷರದ ತುಳುವಿನಲ್ಲಿ 'ವಣಸ್ ಆಂಡಾ?' ಎಂದು ಊಟ ವಿಚಾರಿಸಬೇಕು. ಆಯಿತೆಂದು 'ಆಂಡ್' ಒತ್ತಿದರೆ ಒಳಗೆ ಬಿಡಬೇಕು. ಇಲ್ಲವೆಂದು 'ಇಜ್ಜಿ' ಒತ್ತಿದರೆ ಮತ್ತೆ ಕೇಳಬೇಕು.

ಆನ್ ಮಾಡಿದ. ವಣಸ್ ಆಂಡಾ? 'ಆಂಡ್' ಎಂದು ಒತ್ತಿದ. ವಣಸ್ ಆಂಡಾ? ಎಷ್ಟು ಸಲ ಒತ್ತಿದರೂ ಯಂತ್ರಕ್ಕೆ ನಂಬಿಕೆಯೇ ಬರಲಿಲ್ಲ. ಬರೆಯುವಾಗ ಎಲ್ಲೋ ಎಡವಟ್ಟಾಗಿತ್ತು. ತಿದ್ದೋಣವೆಂದರೆ ಒಳಗೆ ಹೋಗಬೇಕು, ಒಳಗೆ ಹೋಗೋಣವೆಂದರೆ ಬಾಗಿಲಲ್ಲೇ ಈ ಉಪಚಾರ. ಬ್ಯಾಟರಿ ತೆಗೆದರೆ ಇದ್ದದ್ದೆಲ್ಲ ಅಳಿಸಿಹೋಗುತ್ತದೆಂದು ಚಿತ್ತರಂಜನ ಎಚ್ಚರಿಸಿದ್ದ. ಅವನ ಹೋಟೆಲಿಗೆ ಹಾಲು, ತರಕಾರಿ, ಗ್ಯಾಸು ಕೊಡುವವರ ಫೋನ್ ನಂಬರುಗಳೆಲ್ಲ ಅದರಲ್ಲೇ ಇದ್ದವು. ತಾರಾನಾಥ ಬೆವತುಹೋದ. ಹೆಂಡತಿಯ ತಮ್ಮನ ಹೋಟೆಲು ಮುಚ್ಚಿಸಿದವ ಎಂದು ಇಡೀ ಕುಟುಂಬ ಆಡಿಕೊಳ್ಳುವುದು ಈಗಲೇ ಕಿವಿಗೆ ಕೇಳಿಸತೊಡಗಿತು.

ಶಶಿಪ್ರಭಾ ಅಡುಗೆಮನೆಯಿಂದ ಬಂದು ಗಂಡನ ಮುಖ ನೋಡಿ ಸಂಗತಿ ಕೇಳಿದಳು. ಇದು ಹೆಂಗಸರಿಗೆ ಅರ್ಥವಾಗುವಂಥದ್ದಲ್ಲ ಎಂದು ಅವನು ಗೊಣಗುತ್ತಲೇ ಎಲ್ಲವನ್ನೂ ಹೇಳಿದ.

"ಇದರಲ್ಲಿ ಅರ್ಥ ಆಗ್ಲಿಕ್ಕೆ ಎಂತ ಉಂಟು ಮಾರಾಯ್ರೆ?" ಎಂದಳು ಅವಳು. "ಮದುವೆ ಊಟದಲ್ಲಿ ಪಾಯಸ ಎಲೆಗೆ ಬಿದ್ದ ಮೇಲೆ ಬೇಡ ಅಂದ್ರೆ ಯಾರು ಕೇಳ್ತಾರೆ? ಸೌಟು ಬರುವ ಮೊದಲೇ ಕೈ ಅಡ್ಡ ಹಿಡೀಬೇಕು."

ಅಷ್ಟು ಹೇಳಿ ಯಂತ್ರವನ್ನು ಆಫ್ ಮಾಡಿ, ಒಂದು ಕೀ ಒತ್ತಿ ಹಿಡಿದುಕೊಂಡೇ ಆನ್ ಮಾಡಿದಳು. ವಣಸ್ ಆಂಡಾ? ಇನ್ನೊಂದು ಕೀ ಹಿಡಿದಳು. ಮತ್ತೆ ಅದೇ ಪ್ರಶ್ನೆ. ಮೂಲೆಯ ಕೀಯೊಂದನ್ನು ಹಿಡಿದಾಗ ಮಾತ್ರ ಯಂತ್ರ ಆ ಹಾಳು ಫೈಲಿನ ಗೊಡವೆಗೇ ಹೋಗದೆ ಸುಮ್ಮನೆ ತೆರೆದುಕೊಂಡಿತು. ನಂಬರುಗಳೆಲ್ಲ ಇದ್ದಲ್ಲೇ ಇದ್ದವು. ತಾರಾನಾಥನಿಗೆ ಹೋದ ಜೀವ ಬಂದಂತಾಯಿತು. ಗಡಿಬಿಡಿಯಿಂದ ಫೈಲು ಅಳಿಸಿ, ಯಾರಿಗೂ ಹೇಳಬೇಡವೆಂದು ಹೆಂಡತಿಯನ್ನು ಬೇಡಿಕೊಂಡ.

ಮಾರ್ಕೆಟಿನಿಂದ ಬಂದ ಚಿತ್ತರಂಜನ ಒಣಮೀನಿನ ಕಟ್ಟನ್ನು ಕೆಳಗಿಡುವ ಮೊದಲೇ ಅವಳು ಎಲ್ಲವನ್ನೂ ಹೇಳಿಬಿಟ್ಟಳು. ತಾರಾನಾಥ ತಲೆ ತಗ್ಗಿಸಿ ನಗುವಿಗಾಗಿ ಕಾದ. ಚಿತ್ತರಂಜನ ನಗಲಿಲ್ಲ.

"ಅಲ್ಲಿ ದಿನಾ ಅಷ್ಟು ಜನಕ್ಕೆ ಬಡಿಸ್ತೇನೆ ಭಾವ, ನಿನ್ನ ಊಟ ಆಯ್ತಾ ಅಂತ ನನ್ನನ್ನು ಕೇಳುವವರು ಒಬ್ಬರಿಲ್ಲ," ಎಂದ. "ಅದನ್ನು ಯಾಕೆ ಅಳಿಸಿದ್ದು? ಪುನಃ ಹಾಕಿಸಿಕೊಳ್ತೇನೆ."

ತಾರಾನಾಥನ ಎದೆ ಒಮ್ಮೆಲೇ ಹಗುರಾಗಿ, ಮರುಕ್ಷಣ ಉಬ್ಬಿತು. ಅಂಗಿಯ ತೋಳು ಮಡಚಿ, ಗಂಟಲು ಸರಿಪಡಿಸಿಕೊಂಡು, ಯಂತ್ರಕ್ಕೆ ಕೈ ಚಾಚಿದ.

"ನೀವಲ್ಲ ಭಾವ," ಎಂದು ಚಿತ್ತರಂಜನ ಅದನ್ನು ಅಕ್ಕನ ಕೈಗೆ ಕೊಟ್ಟ.