ಹೂವಪ್ಪ ಆರಿಸಿದ ಬಣ್ಣದ ಟೀವಿ

ತುಂಗಮ್ಮ ಬಾಯಿ ಮುಚ್ಚಿಕೊಂಡು ಸಿನಿಮಾ ನೋಡಿದ್ದರೆ ಅವಳ ಗಂಡ ಹೂವಪ್ಪನ ಭಾನುವಾರ ಹಾಳಾಗುತ್ತಿರಲಿಲ್ಲ. ಹಿಂದಿನ ವಾರ ಪಕ್ಕದ ಮನೆಯ ಕೆರಿಯಮ್ಮನ ಬಣ್ಣದ ಟೀವಿಯೆದುರು ನೆಲದ ಮೇಲೆ ಕೂತವಳು ಸುಮ್ಮನಿರಲಾರದೆ, "ಇದೆಂತದ್ರೀ, ಹೀರೋ ಮುಖ ಪಾಚಿ ಕಟ್ಟಿದ ಹಾಗೆ ಹಸಿರಾಗಿದೆಯಲ್ಲ!" ಅಂದುಬಿಟ್ಟಳು.

ಕೆರಿಯಮ್ಮ ತಿರುಗಿಯೂ ನೋಡಲಿಲ್ಲ. "ಬಿಟ್ಟಿ ನೋಡೋರಿಗೆ ಬಣ್ಣ ಬೇರೆ ಸರಿ ಇರ್ಬೇಕಾ?"

ತುಂಗಮ್ಮ ಎದ್ದು ಮನೆಗೆ ಬಂದವಳೇ ಗಂಡನಿಗೆ ಗಡುವು ಕೊಟ್ಟಳು. "ಬರೋ ಭಾನುವಾರದ ಸಿನಿಮಾ ನಮ್ಮನೇಲಿ. ಮನುಷ್ಯರ ಮುಖ ಮನುಷ್ಯರ ಬಣ್ಣದಲ್ಲೇ ಇರ್ಬೇಕು. ಆ ಹೆಂಗಸಿನ ಹೊಸಿಲು ಇನ್ನು ತುಳಿಯಲ್ಲ ನಾನು." ಅಷ್ಟಕ್ಕೇ ನಿಲ್ಲದೆ ಬೀದಿಯವರನ್ನೆಲ್ಲ ಸಿನಿಮಾಕ್ಕೆ ಕರೆದೂ ಬಂದಳು. ಇನ್ನು ಟೀವಿ ಬಾರದಿದ್ದರೆ ಹೂವಪ್ಪ ಬೀದಿಯಲ್ಲಿ ತಲೆಯೆತ್ತಿ ನಡೆಯುವ ಹಾಗಿರಲಿಲ್ಲ, ಮನೆಯಲ್ಲಂತೂ ಮೊದಲೇ ನಡೆಯುವ ಹಾಗಿರಲಿಲ್ಲ.

ಹೂವಪ್ಪ ಸಾಗರದ ಅಡಿಕೆ ಮಂಡಿಯಲ್ಲಿ ಮೂಟೆಗೆ ಕೈ ಹಾಕಿ ಮಾಲಿನ ಗುಣ ಹೇಳುವವನು. ಮೂಟೆಯ ಬಾಯಲ್ಲಿ ಕಾಣುವುದು ಮಾರುವವನ ಮುಖ, ತಳದಲ್ಲಿರುವುದು ಅವನ ಮನಸ್ಸು ಎಂಬುದು ಅವನೇ ಕಟ್ಟಿದ ಗಾದೆ. ಅದನ್ನು ಕೇಳಿ ಕೇಳಿ ಮಂಡಿಯವರ ಕಿವಿ ತೂತಾಗಿತ್ತು. ಇಪ್ಪತ್ತು ವರ್ಷದ ಅನುಭವದಲ್ಲಿ ತಾನು ಮೋಸಹೋದದ್ದು ಮದುವೆಯ ಮಾತುಕತೆಯಲ್ಲಿ ಮಾತ್ರ ಎಂದು ಅವನು ಹೆಂಡತಿ ಇಲ್ಲದ ಕಡೆ ಹೇಳುತ್ತಿದ್ದ.

ಭಾನುವಾರ ಬೆಳಿಗ್ಗೆ ಟೀವಿ ಅಂಗಡಿಗೆ ಹೊರಟರೆ ಮಂಡಿಯಲ್ಲಿ ತೂಕ ಹಾಕುವ ಜಯಪ್ಪ ಕರೆಯದೆಯೇ ಜೊತೆಯಾದ.

"ಬಣ್ಣದ್ದು ಎಂತಕ್ಕೆ ಮಾರಾಯ? ಕಣ್ಣಿಗೆ ಉಷ್ಣ. ಕಪ್ಪು-ಬಿಳುಪಿಂದು ತಗಂಡು ಮೂರು ಬಣ್ಣದ ಪ್ಲಾಸ್ಟಿಕ್ ಹಾಳೆ ಸಿಕ್ಕಿಸು. ಮೇಲೆ ನೀಲಿ ಆಕಾಶ, ನಡುವೆ ಕೆಂಪು, ಕೆಳಗೆ ಹಸಿರು ಹುಲ್ಲು."

"ಮನುಷ್ಯ ಹತ್ರ ಬಂದ್ರೆ?"

"ಬಂದ್ರೆ ತಲೆ ನೀಲಿ, ಗಡ್ಡ ಹಸಿರು. ಅಷ್ಟು ಅಡ್ಜಸ್ಟ್ ಮಾಡ್ಕಬೇಕಪ್ಪ."

ಹಸಿರು ಎಂದ ಕೂಡಲೇ ಹೆಂಡತಿಯ ಮುಖ ನೆನಪಾಗಿ ಹೂವಪ್ಪ ಆ ಮಾತನ್ನು ಅಲ್ಲಿಗೇ ಬಿಟ್ಟ.

ಅಂಗಡಿಯ ಮಾಲೀಕ ಯಾರದೋ ಮಾಡಿನ ಮೇಲೆ ಆಂಟೆನಾ ತಿರುಗಿಸಲು ಹೋಗಿದ್ದ. ಅವನ ಮಾವ ಜಟ್ಟಿಂಗಪ್ಪ ಕವಳ ಜಗಿಯುತ್ತ ಗಲ್ಲಾದಲ್ಲಿ ಕೂತಿದ್ದ. ಎದುರಿಗೆ ಎರಡು ಟೀವಿ ಓಡುತ್ತಿದ್ದವು. ಕಪ್ಪು-ಬಿಳುಪಿನದರಲ್ಲಿ ಭಾಷಣಕಾರನ ಮೀಸೆಯ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟ, ಆದರೆ ಮನುಷ್ಯ ಬೂದಿಯಲ್ಲಿ ಹೊರಳಾಡಿ ಬಂದಂತಿದ್ದ. ಬಣ್ಣದ್ದರಲ್ಲಿ ಅದೇ ಮನುಷ್ಯ ಕೆಂಪಗೆ ಹೊಳೆಯುತ್ತಿದ್ದ.

ಹೂವಪ್ಪ ಪರದೆಗೆ ಮೂಗು ತಾಗಿಸಿ ನೋಡಿ, "ಇದಕ್ಕೆ ಚೊಗರು ಜಾಸ್ತಿ ಹಾಕಿದಾರೆ" ಎಂದು ತೀರ್ಪು ಕೊಟ್ಟ. ಬೇಯಿಸಿದ ಅಡಿಕೆಗೆ ಬಣ್ಣ ಬರಲೆಂದು ಸವರುವ ಚೊಗರು ಟೀವಿಯಲ್ಲೂ ಇರುತ್ತದೆಯೆಂದು ಜಯಪ್ಪನಿಗೆ ಅಂದೇ ಗೊತ್ತಾದದ್ದು.

"ಬೇರೆ ತೋರ್ಸಿ ಜಟ್ಟಿಂಗಪ್ಪಣ್ಣ. ಬಾಯಿ ಮೇಲಿನ ಮಾಲು ನೋಡಿ ಮೆಚ್ಚೋನಲ್ಲ ನಾನು."

"ಇರೋದೇ ಇದು ತಮ್ಮ. ಇಲ್ದಿದ್ರೆ ಈ ಹೊಸ ಪೆಟ್ಟಿಗೆ ಇದೆ, ಸೀಲು ಸುದ್ದಾ ಒಡೆದಿಲ್ಲ."

ಹೂವಪ್ಪ ಹೊಸ ಪೆಟ್ಟಿಗೆಯತ್ತ ನೋಡದೆ ಸೀದಾ ಒಳಕೋಣೆಗೆ ನುಗ್ಗಿದ. ಅಲ್ಲಿ ಮೂಲೆಯಲ್ಲಿ, ಅರ್ಧ ಗೋಣಿ ಹೊದ್ದುಕೊಂಡು ಇನ್ನೊಂದು ಟೀವಿ ತನ್ನ ಪಾಡಿಗೆ ತಾನು ಓಡುತ್ತಿತ್ತು. ಗೋಣಿ ಸರಿಸಿದ. ಅದೇ ಭಾಷಣಕಾರ, ಆದರೆ ಗೋಧಿಬಣ್ಣದ ಮುಖ, ಹಣೆಯ ಮೇಲೆ ನಿಜವಾದ ಬೆವರು!

"ಅಯ್ಯೋ, ಅದು ಬ್ಯಾಡ! ಅದು ಬೇರೆಯೋರದ್ದು, ಮುಟ್ಬೇಡ ಅಂತ ಅಳಿಯ ಹೇಳಿ ಹೋಗಿದಾನೆ!" ಎಂದು ಜಟ್ಟಿಂಗಪ್ಪ ಓಡಿ ಬಂದ.

ಹೂವಪ್ಪ ಜಯಪ್ಪನ ಕಡೆ ಕಣ್ಣು ಮಿಟುಕಿಸಿದ. ಮಂಡಿಯಲ್ಲಿ ಒಳ್ಳೆಯ ಮೂಟೆ ಬಚ್ಚಿಟ್ಟವರೆಲ್ಲ ಹೇಳುವುದು ಇದೇ ಮಾತು. "ಯಾರದ್ದೋ ಆಗಿತ್ತು, ಈಗ ನಂದು" ಎಂದವನೇ ಬಣ್ಣದ ಟೀವಿಯ ಬೆಲೆಯನ್ನು ಮುದುಕನ ಕೈಯಲ್ಲಿ ತುರುಕಿ, ಆಟೋ ಕರೆಸಿ, ಟೀವಿಯನ್ನು ತೊಡೆಯ ಮೇಲೆ ಬಾಣಂತಿ ಮಗುವನ್ನು ಕೂರಿಸಿಕೊಂಡಂತೆ ಕೂರಿಸಿಕೊಂಡು ಹೊರಟೇಬಿಟ್ಟ.

ಸಂಜೆ ಬೀದಿಯೆಲ್ಲ ಹೂವಪ್ಪನ ನಡುಮನೆಯಲ್ಲಿ. ಜಯಪ್ಪ ಮಾಡಿನ ಮೇಲೆ ಆಂಟೆನಾ ಹಿಡಿದು "ಈಗ ಬಂತಾ?" ಎಂದು ಹದಿನೆಂಟು ಸಲ ಕೂಗಿದ ಮೇಲೆ ಚಿತ್ರ ಅಲುಗದೆ ನಿಂತಿತು. ನಾಯಕಿಯ ಕೆನ್ನೆ ನೋಡಿ ಹೆಂಗಸರು ಉಸಿರೆಳೆದುಕೊಂಡರು. ತುಂಗಮ್ಮ ಮದುವೆಯಾದಾಗಿನಿಂದ ಮೊದಲ ಸಲ ಗಂಡನ ಕಡೆ ಮೆಚ್ಚುಗೆಯಿಂದ ನೋಡಿದಳು. ಹೂವಪ್ಪನಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು.

ಆಗ ಬಾಗಿಲಲ್ಲಿ ಕೆರಿಯಮ್ಮ ಕಾಣಿಸಿದಳು.

"ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದು ತುಂಗಮ್ಮ ಜೇನಿನಂಥ ದನಿಯಲ್ಲಿ ನೆಲ ತೋರಿಸಿದಳು. "ಮುಖದ ಬಣ್ಣ ಹೆಂಗಿದೆ ನೋಡಿ."

ಕೆರಿಯಮ್ಮ ಕೂರಲಿಲ್ಲ. ಟೀವಿಯನ್ನೇ ದಿಟ್ಟಿಸಿದಳು. ಜನರ ನಡುವೆ ದಾಟಿ ಅದರ ಹಿಂದಕ್ಕೆ ಹೋಗಿ ಬಗ್ಗಿದಳು. ಸ್ಟೀಲಿನ ಲೋಟದಿಂದ ಹಿಡಿದು ಎಲ್ಲದರ ಮೇಲೂ ಹೆಸರು ಹಾಕಿಸುವ ಮನೆ ಅವಳದು.

"ಕೆರಿಯಮ್ಮ ಮಂಜುನಾಥಪ್ಪ, ಸಾಗರ" ಎಂದು ಗಟ್ಟಿಯಾಗಿ ಓದಿದಳು. "ಹಸಿರು ಅಂತ ನೀವು ಆಡ್ಕಂಡ್ರಲ್ಲ ಅಂತ ಸೋಮವಾರನೇ ರಿಪೇರಿಗೆ ಕೊಟ್ಟಿದ್ವಿ. ಇಲ್ಲಿಗೆಂತಕ್ಕೆ ಬಂತು ಇದು?"

ಮೂಟೆಯ ತಳದವರೆಗೂ ಕೈ ಹಾಕುವ ಹೂವಪ್ಪ ಟೀವಿಯ ಬೆನ್ನು ತಿರುಗಿಸಿ ನೋಡಿರಲಿಲ್ಲ. ಅಷ್ಟರಲ್ಲಿ ಅಂಗಡಿಯ ಮಾಲೀಕನೂ ಸೈಕಲ್ ತುಳಿದು ಏದುಸಿರು ಬಿಡುತ್ತ ಬಂದು, ಹಣವನ್ನು ಅವನ ಕೈಗಿಟ್ಟು, "ಆ ಸೀಲಿನ ಪೆಟ್ಟಿಗೆ ಮಧ್ಯಾಹ್ನನೇ ಹೋಯ್ತಣ್ಣ, ಇನ್ನು ಬರೋದು ಮುಂದಿನ ತಿಂಗಳು" ಎಂದ.

ಟೀವಿಯನ್ನು ಹೂವಪ್ಪನೇ ಹೊತ್ತ, ಹಿಂದಿನಿಂದ ಜಯಪ್ಪ ಹಿಡಿದುಕೊಂಡ. ಸಿನಿಮಾ ಅರ್ಧಕ್ಕೆ ಬಿಡಲಾರದ ಬೀದಿಯವರೆಲ್ಲ ದಿಬ್ಬಣದಂತೆ ಹಿಂದೆಯೇ ನಡೆದರು. ಕೆರಿಯಮ್ಮನ ಮನೆಯಲ್ಲಿ ಅದನ್ನು ಮೇಜಿನ ಮೇಲಿಟ್ಟು, ತಂತಿ ಸಿಕ್ಕಿಸಿ, ಬೆವರು ಒರೆಸಿಕೊಂಡು ಅವನು ತಿರುಗಿದರೆ ಎಲ್ಲರಿಗಿಂತ ಮುಂದೆ, ನೆಲದ ಮೇಲೆ ತುಂಗಮ್ಮ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

"ಅಡ್ಡ ನಿಲ್ಬೇಡಿ, ಸರೀರಿ" ಎಂದಳು ಪರದೆಯಿಂದ ಕಣ್ಣು ತೆಗೆಯದೆ. "ನಿಮ್ಮ ವಿಚಾರ ಸಿನಿಮಾ ಮುಗಿದ ಮೇಲೆ."

ಹೂವಪ್ಪ ಗೋಡೆ ಹಿಡಿದು ಮೆಲ್ಲಗೆ ಹಿಂದೆ ಹೋಗಿ ಕೂತ. ಈ ಸಿನಿಮಾ ಬೆಳಗಾಗುವವರೆಗೂ ಮುಗಿಯದಿರಲಿ ದೇವರೇ ಎಂದು ಮನಸ್ಸಿನಲ್ಲೇ ಹರಕೆ ಹೊತ್ತ.