ಒಂದು ಪಿಕಪ್ಪು, ಎರಡು ಟ್ಯಾಂಕು

ಬಸ್ಸಿನಲ್ಲಿ ಕಂಡಕ್ಟರ್ ಆದವಳಿಗೆ ಜಗಳ ಹೊಸದಲ್ಲ. ಮಳವಳ್ಳಿಯಿಂದ ಮದ್ದೂರು ಮೇಲೆ ಮಂಡ್ಯಕ್ಕೆ ಹೋಗಿ ಬರುವಷ್ಟರಲ್ಲಿ ಕಿಟಕಿಗೊಂದು, ಸೀಟಿಗೊಂದು, ಚಿಲ್ಲರೆಗೊಂದು ಆಗುತ್ತಲೇ ಇರುತ್ತವೆ. ನಾನು ನಡುವೆ ನಿಂತು ಒಂದು ವಿಷಲ್ ಊದಿದರೆ ಎಲ್ಲಾ ತಣ್ಣಗಾಗುತ್ತದೆ. ನನ್ನ ತವರಿನ ಜಗಳಕ್ಕೆ ಮಾತ್ರ ವಿಷಲ್ ನಾಟಲಿಲ್ಲ. ಅದು ಡೀಸೆಲ್ ಟ್ಯಾಂಕಿನ ತನಕ ಹೋಯಿತು.

ಗಾಡಿ ಕುಯ್ಯೋಕಾಗಲ್ಲ

ತವರು ಬೆಸಗರಹಳ್ಳಿ ಕಡೆ. ಒಬ್ಬ ಅಣ್ಣ, ಒಬ್ಬ ತಮ್ಮ, ನಡುವೆ ನಾನು. ಅಪ್ಪ ಹೋದ ಮೇಲೆ ಜಮೀನು ಪಾಲಾಯಿತು, ಮನೆಯ ನಡುವೆ ಗೋಡೆ ಎದ್ದಿತು. ಆ ಗೋಡೆ ಯಾರ ಕಡೆಗೆ ಅರ್ಧ ಗೇಣು ಜರುಗಿದೆ ಅನ್ನುವ ವಿಚಾರಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟರು. ಅವರ ಹೆಂಡತಿಯರು ಮಾತ್ರ ಏನೂ ಆಗದವರ ಹಾಗೆ ಅದೇ ಗೋಡೆಯ ಮೇಲಿಂದ ಸಾರಿನ ಬಟ್ಟಲು ದಾಟಿಸಿಕೊಂಡು ಸುಖವಾಗಿದ್ದರು.

ಪಾಲಾಗದೆ ಉಳಿದದ್ದು ಅಪ್ಪನ ಪಿಕಪ್ಪು. ಮನುಷ್ಯ ಆಗಿದ್ದರೆ ಓಟು ಹಾಕುವ ವಯಸ್ಸು ಅದಕ್ಕೆ. ಅಣ್ಣ ಅದರಲ್ಲಿ ಮದ್ದೂರು ಮಾರ್ಕೆಟ್ಟಿಗೆ ಎಳನೀರು ಹೊಡೆಯುತ್ತಾನೆ, ತಮ್ಮ ಮಂಡ್ಯಕ್ಕೆ ಬಾಳೆಗೊನೆ. ಅಪ್ಪ ಹಿಡಿದ ಸ್ಟೇರಿಂಗು ಅಂತ ಇಬ್ಬರೂ ಬಿಟ್ಟುಕೊಡಲಿಲ್ಲ. ನ್ಯಾಯಕ್ಕೆ ಕೂತ ಊರಿನ ಹಿರಿಯರು ಬಹಳ ಹೊತ್ತು ಯೋಚಿಸಿದರು. ಹಸುವಾಗಿದ್ದರೆ ಒಬ್ಬನಿಗೆ ಹಸು, ಒಬ್ಬನಿಗೆ ಕರ ಅನ್ನಬಹುದಿತ್ತು, ಗಾಡಿ ಕುಯ್ಯೋಕಾಗಲ್ಲ ಅಂದರು. ಒಂದು ದಿನ ಅವನು, ಒಂದು ದಿನ ಇವನು ಓಡಿಸಲಿ ಅಂತ ತೀರ್ಮಾನ ಮಾಡಿ, ಕಾಫಿ ಕುಡಿದು ಎದ್ದರು.

ಇದರಲ್ಲಿ ಮುಳುಗಿದವಳು ನಾನು. ಗೌರಿ ಹಬ್ಬಕ್ಕೆ ಒಟ್ಟಿಗೆ ಬಾಗಿನ ತರುತ್ತಿದ್ದವರು ಬೇರೆ ಬೇರೆ ಬರತೊಡಗಿದರು. ಅಣ್ಣ ನಮ್ಮ ನಡುಮನೆಯಲ್ಲಿ ಊಟಕ್ಕೆ ಕೂತಿದ್ದರೆ, ತಮ್ಮ ಬೀದಿ ಮೂಲೆಯ ಅಂಗಡಿಯಲ್ಲಿ ಬಾಗಿನದ ಮೊರ ತಬ್ಬಿಕೊಂಡು, ಅಣ್ಣ ಹೊರಡುವುದನ್ನೇ ಕಾಯುತ್ತಿದ್ದ. ಎರಡೆರಡು ಬಾಗಿನ ಬರುತ್ತಲ್ಲ, ಪುಣ್ಯವಂತೆ ಅಂದಳು ಪಕ್ಕದ ಮನೆಯಾಕೆ. ತವರು ಎರಡಾದ ಹೆಂಗಸಿಗೆ ಎಂಥ ಪುಣ್ಯ ಅಂತ ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ಬರುವಷ್ಟರಲ್ಲಿ ತಮ್ಮ, ಅಣ್ಣ ಎಲೆಯಲ್ಲಿ ಬಿಟ್ಟು ಹೋಗಿದ್ದ ಒಬ್ಬಟ್ಟನ್ನೂ ತಿಂದು ಮುಗಿಸಿದ್ದ.

ಎರಡು ಬೀಗ

ಬಳಸಿದಷ್ಟು ಡೀಸೆಲನ್ನು ಬಳಸಿದವನೇ ತುಂಬಿಸಿ ಗಾಡಿ ನಿಲ್ಲಿಸಬೇಕು ಅನ್ನುವುದು ಕರಾರು. ಡೀಸೆಲ್ ತೋರಿಸುವ ಮುಳ್ಳು ಅಪ್ಪನ ಕಾಲಕ್ಕೇ ಮಲಗಿತ್ತು. ಹಾಗಾಗಿ ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಕಿತ್ತು, ಟ್ಯಾಂಕಿನ ಬಾಯಿಗೆ ಇಳಿಸಿ, ಎಲ್ಲಿಯ ತನಕ ಒದ್ದೆಯಾಗಿದೆ ಅಂತ ನೋಡುವುದು. ಸ್ವಲ್ಪ ದಿನದಲ್ಲೇ ಕಡ್ಡಿಯ ಒದ್ದೆ ಬೆಳಗಾಗುವಷ್ಟರಲ್ಲಿ ಇಳಿಯತೊಡಗಿತು. ತಮ್ಮ ಕದಿಯುತ್ತಾನೆ ಅಂತ ಅಣ್ಣ, ಅಣ್ಣ ಕದಿಯುತ್ತಾನೆ ಅಂತ ತಮ್ಮ. ಮಾತೇ ಬಿಟ್ಟವರು ಬೈದಾಡುವುದಾದರೂ ಹೇಗೆ?

ಅಣ್ಣ ಟ್ಯಾಂಕಿನ ಮುಚ್ಚಳಕ್ಕೆ ಕೊಂಡಿ ಹಾಕಿಸಿ ಬೀಗ ಜಡಿದ. ಅದನ್ನು ನೋಡಿ ತಮ್ಮ ಅದೇ ಕೊಂಡಿಗೆ ಇನ್ನೊಂದು ಬೀಗ ಜಡಿದ. ಬಂಕಿನಲ್ಲಿ ಡೀಸೆಲ್ ಹಾಕಿಸಲು ಇಬ್ಬರ ಕೀಯೂ ಬೇಕು. ಹಾಗಂತ ಗಾಡಿ ಒಂದು ದಿನವೂ ನಿಲ್ಲಲಿಲ್ಲ. ಗಂಡಂದಿರು ಸೊಂಟಕ್ಕೆ ಕಟ್ಟಿಕೊಂಡು ಮಲಗಿದ ಕೀಗಳನ್ನು ಹೆಂಡತಿಯರು ಬೆಳಿಗ್ಗೆ ಸಾರಿನ ಬಟ್ಟಲಿನ ಜೊತೆ ಗೋಡೆ ದಾಟಿಸುತ್ತಿದ್ದರು.

ಎರಡು ಬೀಗ ಬಿದ್ದರೂ ಡೀಸೆಲ್ ಇಳಿಯುವುದು ನಿಲ್ಲಲಿಲ್ಲ. ನನ್ನ ವಾರದ ರಜೆಯ ದಿನ ನಾನೇ ಹೋದೆ. ಗಾಡಿಯ ಕೆಳಗೆ ಹರಡಿದ್ದ ಹುಲ್ಲು ಡೀಸೆಲ್ ವಾಸನೆಗೆ ಗಮ್ಮೆನ್ನುತ್ತಿತ್ತು, ಕೋಳಿ ಕೂಡ ಅತ್ತ ಸುಳಿಯುತ್ತಿರಲಿಲ್ಲ. ಇವರಿಬ್ಬರ ಮೂಗು ಮಾತ್ರ ಸಿಟ್ಟಿಗೆ ಕಟ್ಟಿಹೋಗಿತ್ತು. ಬಗ್ಗಿ ಟ್ಯಾಂಕಿನ ತಳ ಸವರಿದೆ, ಬೆರಳು ಒದ್ದೆಯಾಯಿತು. ಎರಡು ಸಲ ಹೇಳುವ ಕೆಲಸ ಬೇಡ ಅಂತ ಗೋಡೆಯ ಪಕ್ಕದಲ್ಲೇ ನಿಂತು, ಟ್ಯಾಂಕು ತೂತಾಗಿದೆ ಅಂತ ಕೂಗಿದೆ. ಅಣ್ಣ ಆ ಕಡೆಯಿಂದ, ತಮ್ಮ ಈ ಕಡೆಯಿಂದ ಬಗ್ಗಿ ನೋಡಿದರು. ಗಾಡಿಯ ಕೆಳಗೆ ಇಬ್ಬರ ಮುಖವೂ ಎದುರುಬದುರಾದವು. ಈಗಲಾದರೂ ನಗುತ್ತಾರೆ ಅಂದುಕೊಂಡೆ. ಅಣ್ಣ ಮೆಲ್ಲಗೆ ಎದ್ದು, ಮಣ್ಣು ಕೊಡವಿಕೊಂಡು ನನಗೆ ಹೇಳಿದ:

"ಆ ತೂತ ಯಾರ್ ಮಾಡಿದ್ದು ಅಂತ ಕೇಳವ್ವ."

ತಟ್ಟಿ ನೋಡಿದ್ದು

ಮದ್ದೂರಿನ ಗ್ಯಾರೇಜಿನ ಮೇಸ್ತ್ರಿ ಸ್ಕ್ರೂಡ್ರೈವರಿನಿಂದ ಟ್ಯಾಂಕನ್ನು ಹೀಗೆ ಮುಟ್ಟಿದ, ಅದು ಹಾಗೇ ಒಳಗೆ ಹೋಯಿತು. ಬೆಸುಗೆ ಹಾಕಲು ತಗಡೇ ಉಳಿದಿಲ್ಲ, ಬೇರೆ ಟ್ಯಾಂಕು ತನ್ನಿ ಅಂದ. ಸದ್ಯಕ್ಕೆ ಬಟ್ಟೆ ಒಗೆಯುವ ಸೋಪನ್ನು ತೂತಿಗೆ ಮೆತ್ತಿ ಮಂಡ್ಯಕ್ಕೆ ಕಳಿಸಿದ. ಖರ್ಚು ಇಬ್ಬರದ್ದು, ಆರಿಸುವುದು ಇಬ್ಬರೂ ಸೇರಿ ಅಂತ ನಾನು ಹಟ ಹಿಡಿದೆ. ತಮ್ಮ ಸ್ಟೇರಿಂಗಿನಲ್ಲಿ, ಅಣ್ಣ ಕಿಟಕಿಗೆ, ನಡುವೆ ಗೇರಿನ ಕೋಲನ್ನು ಮಂಡಿಗೆ ತಾಗಿಸಿಕೊಂಡು ನಾನು. ಅವನಿಗೆ ಹೇಳು, ಇಲ್ಲಿ ಎಡಕ್ಕೆ ತಿರುಗಿಸಲಿ ಅನ್ನುವನು ಅಣ್ಣ. ನಾನು ತಮ್ಮನ ಕಡೆ ತಿರುಗಿ ಹೇಳುವಷ್ಟರಲ್ಲಿ ತಿರುವು ಹಿಂದೆ ಹೋಗಿರುತ್ತಿತ್ತು.

ಸ್ಪೇರ್ ಪಾರ್ಟ್ಸ್ ಅಂಗಡಿಯವನು ಗಾಡಿಯ ವಯಸ್ಸು ಕೇಳಿ ಕೈ ಮುಗಿದ. ಇದಕ್ಕೆ ಕಂಪನಿ ಟ್ಯಾಂಕು ಬರುವುದು ನಿಂತು ಎಷ್ಟೋ ಕಾಲವಾಯಿತಂತೆ. ಲೋಕಲ್ಲಾಗಿ ಮಾಡಿದ್ದು ಒಂದು ಇತ್ತು, ಕಪ್ಪು ಬಣ್ಣ ಹೊಡೆದು ಮಿರಿಮಿರಿ ಮಿಂಚುತ್ತಿತ್ತು. ತಮ್ಮ ಅದರ ಮೈಯನ್ನೆಲ್ಲ ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡಿದ, ಬಾಳೆ ಹಣ್ಣಾಗಿದೆಯಾ ಅಂತ ನೋಡುವ ಹಾಗೆ. ನನಗೆ ಇದೇ ಇರಲಿ ಅಂದ. ಅಣ್ಣ ಬೆರಳು ಮಡಚಿ ಅದನ್ನು ಟಕಟಕ ಅಂತ ತಟ್ಟಿ, ಕಿವಿಗೊಟ್ಟು ಕೇಳಿದ, ಎಳನೀರಿಗೆ ಮಾಡುವ ಹಾಗೆ. ತಗಡು ತೆಳು, ನನಗೆ ಬೇಡ ಅಂದ.

ಅಲ್ಲಿಂದ ಗುಜರಿ ಅಂಗಡಿಗೆ ಹೋದೆವು. ಹಳೇ ಟ್ಯಾಂಕುಗಳ ಒಂದು ರಾಶಿಯೇ ಇತ್ತು. ಅಣ್ಣ ಒಂದೊಂದನ್ನೇ ತಟ್ಟುತ್ತಾ ಹೋದ, ತಮ್ಮ ಹಿಂದಿನಿಂದ ಒತ್ತುತ್ತಾ ಹೋದ. ಗುಜರಿಯವನು ಟೀ ಲೋಟ ಹಿಡಿದವನು ಕುಡಿಯುವುದನ್ನೇ ಮರೆತು ನೋಡುತ್ತಿದ್ದ. ಕೊನೆಗೆ ದಪ್ಪ ತಗಡಿನ ಒಂದು ಟ್ಯಾಂಕು ಅಣ್ಣನ ಕಿವಿಗೆ ಒಪ್ಪಿತು. ಅಷ್ಟಕ್ಕೆ ಮುಗಿಯಲಿಲ್ಲ. ಇದು ಯಾವ ಗಾಡಿಯದ್ದು, ಆ ಗಾಡಿ ಎಲ್ಲಾದರೂ ಬಿದ್ದಿತ್ತಾ, ಯಾರಿಗಾದರೂ ಏನಾದರೂ ಆಗಿತ್ತಾ, ಓನರ್ ಯಾವ ಊರಿನವರು, ಚೆನ್ನಾಗಿದ್ದಾರಾ ಅಂತ ವಿಚಾರಣೆ ಶುರುವಾಯಿತು. ದುದ್ದದವರು, ಚೆನ್ನಾಗೇ ಇದ್ದಾರೆ, ಹೊಸ ಗಾಡಿ ತಗೊಂಡು ಇದನ್ನು ಹಾಕಿದರು ಅಂದ ಗುಜರಿಯವನು. ದುದ್ದದಲ್ಲಿ ನಮಗೂ ನೆಂಟರಿದ್ದಾರೆ, ಒಂದು ಮಾತು ಕೇಳಿ ನೋಡುತ್ತೇನೆ ಅಂತ ಅಣ್ಣ ಫೋನು ತೆಗೆದ.

"ಅಣ್ಣಾ, ನಾನ್ ಕೊಡ್ತಾ ಇರೋದು ಟ್ಯಾಂಕು, ಹೆಣ್ಣಲ್ಲ" ಅಂದ ಗುಜರಿಯವನು.

ಎಡಕ್ಕೊಂದು, ಬಲಕ್ಕೊಂದು

ಅಣ್ಣನಿಗೆ ಗುಜರಿಯ ದಪ್ಪ ತಗಡಿನದೇ ಆಗಬೇಕು, ತಮ್ಮನಿಗೆ ಅಂಗಡಿಯ ಮಿಂಚುವುದೇ ಆಗಬೇಕು. ಇಬ್ಬರ ನಡುವೆ ಮಾತು ಸಾಗಿಸಿ ಸಾಗಿಸಿ ನನ್ನ ಗಂಟಲು ಒಣಗಿತು. ಬೇಸತ್ತ ಗುಜರಿಯವನು, ಹಾಗಾದರೆ ಎರಡೂ ಹಾಕಿಸಿಕೊಳ್ಳಿ, ಆ ಕಡೆಗೊಂದು ಈ ಕಡೆಗೊಂದು ಅಂತ ನಗೆಯಾಡಿದ. ಇವರು ನಗಲಿಲ್ಲ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ, ಆಗಬಹುದು ಅಂತ ಹೇಳು ಅಂದರು. ಗೋಡೆ ಎದ್ದ ಮೇಲೆ ಇವರು ಒಪ್ಪಿಕೊಂಡ ಮೊದಲನೇ ವಿಷಯ ಅದು. ಬೇಡ ಅನ್ನಲು ನನಗೆ ಮನಸ್ಸು ಬರಲಿಲ್ಲ.

ಮೇಸ್ತ್ರಿ ತಲೆ ಮೇಲೆ ಕೈ ಹೊತ್ತುಕೊಂಡ. ಆಮೇಲೆ ಬ್ಯಾಟರಿಯನ್ನು ಬೇರೆ ಕಡೆ ಸರಿಸಿ, ಎಡಕ್ಕೆ ಅಣ್ಣನ ಟ್ಯಾಂಕು, ಬಲಕ್ಕೆ ತಮ್ಮನ ಟ್ಯಾಂಕು ಕೂರಿಸಿದ. ಡ್ರೈವರ್ ಸೀಟಿನ ಕೆಳಗೆ ಒಂದು ನಲ್ಲಿಯಂಥದ್ದು ಇಟ್ಟ. ಹೀಗೆ ತಿರುಗಿಸಿದರೆ ಎಂಜಿನ್ನಿಗೆ ಅಣ್ಣನ ಡೀಸೆಲ್, ಹಾಗೆ ತಿರುಗಿಸಿದರೆ ತಮ್ಮನದು. ಇನ್ನೊಂದು ಪೈಪಿನ ವಿಚಾರ ಇದೆ, ಕೇಳಿ ಅಂತ ಅವನು ಬಾಯಿ ತೆರೆದ. ಆ ಹೊತ್ತಿಗೆ ಇವರಿಬ್ಬರೂ ನಲ್ಲಿಯ ಯಾವ ಪಕ್ಕ ಯಾರದಾಗಬೇಕು ಅಂತ ನನ್ನ ಮೂಲಕ ವಾದಕ್ಕೆ ಇಳಿದಿದ್ದರು. ಅವನು ಸುಮ್ಮನೆ ತನಗೆ ತೋಚಿದಂತೆ ಮಾಡಿ ಮುಗಿಸಿದ.

ಊರಿನಲ್ಲಿ ಗಾಡಿ ನೋಡಲು ಜನ ಸೇರಿದರು. ನ್ಯಾಯ ಹೇಳಿದ್ದ ಹಿರಿಯರೊಬ್ಬರು ಸುತ್ತಲೂ ಬಂದು ನೋಡಿ, ಎಲ್ಲಾ ಸರಿ, ಹಾರ್ನು ಯಾರ ಪಾಲಿಗೆ ಅಂತ ಕೇಳಿದರು. ಅವರು ಕೇಳಿದ್ದು ತಮಾಷೆಗೆ. ಆದರೆ ಅವತ್ತು ಸಂಜೆ ಅಣ್ಣ ನನಗೆ ಫೋನು ಮಾಡಿ, ಅದರ ಬಗ್ಗೆ ನಿನಗೇನನ್ನಿಸುತ್ತದೆ ಅಂದ.

ನಾನೇನು ಮಾಡಿದೆ

ಅದಾಗಿ ಕೆಲವು ವಾರ ಕಳೆದಿರಬೇಕು. ಮದ್ದೂರು ಸ್ಟ್ಯಾಂಡಿನಲ್ಲಿ ತಮ್ಮ ನನ್ನ ಬಸ್ಸು ಹತ್ತಿದ. ಕಂಬಿ ಹಿಡಿದು ನಿಂತವನ ಕಣ್ಣು ತುಂಬಿತ್ತು. ಏನೋ ಆಗಬಾರದ್ದು ಆಗಿದೆ ಅಂತ ಟಿಕೆಟ್ ಕೊಡುವುದನ್ನು ಬಿಟ್ಟು ಅವನ ಹತ್ತಿರ ಬಂದೆ.

"ಅಣ್ಣ ನನ್ ಟ್ಯಾಂಕಿಗೆ ಡೀಸೆಲ್ ಉಯ್ತಾವ್ನೆ ಕಣಕ್ಕ" ಅಂದ.

ಅಣ್ಣನ ಸರದಿ ಮುಗಿದ ಮಾರನೇ ದಿನ ಕಡ್ಡಿ ಇಳಿಸಿದರೆ, ತಾನು ಬಿಟ್ಟದ್ದಕ್ಕಿಂತ ಮೇಲಕ್ಕೆ ಒದ್ದೆ ಇರುತ್ತದಂತೆ. ಒಂದು ಸಲ ಅಲ್ಲ, ಪ್ರತಿ ಸಲವೂ. ನಿನ್ನ ಟ್ಯಾಂಕಿಗೆ ನಿನ್ನದೇ ಬೀಗ ಹಾಕಿದ್ದೆಯಲ್ಲ ಅಂದೆ. ಕೀ ದಾಟಿಸೋಕೆ ಇಬ್ಬರು ಹೆಂಗಸರಿದ್ದಾರಲ್ಲ ಅಂದ. ಬಾಯಲ್ಲಿ ಮಾತು ಬಿಟ್ಟರೂ ಅಣ್ಣನ ಹೊಟ್ಟೆಯಲ್ಲಿ ಪ್ರೀತಿ ಹಾಗೇ ಇದೆ, ನಾನೇ ಪಾಪಿ ಅಂತ ಜನರ ಮುಂದೆಯೇ ಮೂಗು ಸೀಟಿಕೊಂಡ. ನನಗೂ ಕಣ್ಣು ತುಂಬಿ ಬಂತು. ಹೋಗಿ ಅವನ ಹತ್ತಿರವೇ ಹೇಳು ಅಂತ ಬಸ್ಸಿನಿಂದ ಇಳಿಸಿದೆ.

ಮುಂದಿನದನ್ನು ಅತ್ತಿಗೆ ಹೇಳಿದಳು. ತಮ್ಮ ಒಳ್ಳೇ ಬಾಳೆಗೊನೆಯೊಂದನ್ನು ಹೆಗಲ ಮೇಲೆ ಹೊತ್ತು ಅಣ್ಣನ ಅಂಗಳಕ್ಕೆ ಬಂದು ನಿಂತನಂತೆ. ನೀನು ಮಾಡ್ತಿರೋದೆಲ್ಲ ನನಗೆ ಗೊತ್ತಾಗಿದೆ ಅಂದನಂತೆ. ಅಣ್ಣನ ಮುಖ ಬಿಳಿಚಿಕೊಂಡಿತಂತೆ, ತಾನು ಮಾಡಿದ್ದರಲ್ಲಿ ಯಾವುದು ಗೊತ್ತಾಯಿತೋ ಅಂತ. ಅಷ್ಟರಲ್ಲಿ ತಮ್ಮ, ನಿನ್ನಂಥ ಅಣ್ಣ ಯಾರಿಗೂ ಸಿಗಲ್ಲ ಅಂತ ಅತ್ತನಂತೆ. ಅಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ತಾನಾಗಿ ಬಂದ ಹೊಗಳಿಕೆಯನ್ನು ವಾಪಸ್ ಕಳಿಸುವ ಆಸಾಮಿ ಅವನಲ್ಲ. "ನಿಂಗ್ ಮಾಡ್ದೆ ಇನ್ಯಾರ್ಗ್ಲಾ ಮಾಡ್ಲಿ, ಬಾ, ಉಣ್ಣು" ಅಂದನಂತೆ. ಇಬ್ಬರೂ ಜೊತೆಗೆ ಕೂತು ಮುದ್ದೆ ಉಂಡರಂತೆ. ನಾನು ಅವತ್ತು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ವಾರ ಬಿಟ್ಟು ಅಣ್ಣನ ಫೋನು ಬಂತು. ಹೆಂಡತಿಗೆ ಕೇಳಿಸಬಾರದು ಅಂತ ಹಿತ್ತಲಿಗೆ ಬಂದು ಮಾತಾಡುತ್ತಿದ್ದ.

"ಅವ್ವಾ, ನಾನ್ ಅವ್ನಿಗೆ ಏನ್ ಮಾಡಿದ್ದೆ, ವಸಿ ಯೋಳು."

ಬರೋ ಪೈಪು

ನಾನು ಡೀಸೆಲಿನ ವಿಷಯ ಹೇಳಿದೆ. ಅಣ್ಣ ಅದನ್ನೇ ಇನ್ನೊಂದು ಸಲ ಹೇಳಿಸಿಕೊಂಡ. ಆಮೇಲೆ, ನಾನು ಅವನಿಗೆ ಒಂದು ತೊಟ್ಟೂ ಹಾಕಿಲ್ಲ, ನನ್ನ ಟ್ಯಾಂಕೇ ಯಾಕೋ ಬೇಗ ಬೇಗ ಇಳಿಯುತ್ತಿದೆ ಅಂತ ಹೇಳಿ ಫೋನು ಇಟ್ಟ. ಕದಿಯುತ್ತಾನೆ ಅನ್ನುವ ಹಳೇ ಮಾತು ಮತ್ತೆ ಎದ್ದರೆ ಈ ಸಲ ಗೋಡೆ ಇನ್ನೂ ಮೇಲಕ್ಕೆ ಏಳುತ್ತದೆ.

ಒಂದು ದಿನ ತಡೆದು, ಡ್ಯೂಟಿ ಮುಗಿಸಿ ನೆಟ್ಟಗೆ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಗುಟ್ಟು ಬಿಡಿಸಿ ಹೇಳಿದ. ಡೀಸೆಲ್ ಗಾಡಿಗೆ ಹೋಗೋ ಪೈಪು ಒಂದು, ಬರೋ ಪೈಪು ಒಂದು. ಎಂಜಿನ್ನು ಕುಡಿದು ಮಿಕ್ಕಿದ್ದನ್ನು ಬರೋ ಪೈಪು ತಿರುಗಿ ಟ್ಯಾಂಕಿಗೆ ತಂದು ಬಿಡುತ್ತದೆ. ಅಣ್ಣನ ಗುಜರಿ ಟ್ಯಾಂಕಿನಲ್ಲಿ ಅದಕ್ಕಿರುವ ಬಾಯಿ ತುಕ್ಕು ಹಿಡಿದು ಮುಚ್ಚಿಹೋಗಿತ್ತು. ಅದಕ್ಕೇ ಬರೋ ಪೈಪನ್ನು ತಮ್ಮನ ಟ್ಯಾಂಕಿಗೆ ಸೇರಿಸಿದ್ದ. ಅಣ್ಣ ಓಡಿಸುವ ದಿನ ಡೀಸೆಲ್ ಹೋಗುವುದು ಅಣ್ಣನ ಟ್ಯಾಂಕಿನಿಂದ, ಮಿಕ್ಕಿದ್ದು ಬಂದು ಬೀಳುವುದು ತಮ್ಮನ ಟ್ಯಾಂಕಿಗೆ. ಅವತ್ತೇ ಹೇಳಲು ಬಂದೆ, ನೀವು ಯಾರು ಕೇಳಿಸಿಕೊಂಡಿರಿ ಅಂದ.

ನಾನು ಅಲ್ಲಿದ್ದ ಟಯರಿನ ಮೇಲೆ ಕೂತುಬಿಟ್ಟೆ. ಕೊಟ್ಟವರೂ ಇಲ್ಲ, ಕದ್ದವರೂ ಇಲ್ಲ. ಎಲ್ಲಾ ಒಂದು ರಬ್ಬರ್ ಪೈಪು ಮಾಡಿದ್ದು. ಆದರೆ ಮೊನ್ನೆ ತಾನೇ ನನ್ನ ಅಣ್ಣತಮ್ಮಂದಿರು ಆ ಗಾಡಿಯಲ್ಲಿ ಅಕ್ಕಪಕ್ಕ ಕೂತು ಮಾತಾಡಿಕೊಂಡು ಹೋಗುವುದನ್ನು ನನ್ನ ಬಸ್ಸಿನ ಕಿಟಕಿಯಿಂದ ಕಣ್ತುಂಬ ನೋಡಿದ್ದೆ. ನಡುವೆ ನಾನಿರಲಿಲ್ಲ. ಅದನ್ನು ಹಾಳುಮಾಡುವ ಸತ್ಯ ನನಗೆ ಬೇಡವಾಗಿತ್ತು. ಆ ಪೈಪನ್ನು ಹಾಗೇ ಬಿಡು, ದಮ್ಮಯ್ಯ, ನಮ್ಮಣ್ಣನಿಗೆ ಮಾತ್ರ ಹೇಳಬೇಡ ಅಂದೆ.

ಮೇಸ್ತ್ರಿ ಕೈ ಒರೆಸಿಕೊಂಡ. ನಿಮ್ಮಣ್ಣ ನಿನ್ನೆಯೇ ಬಂದು ಕೇಳಿ ತಿಳಿದುಕೊಂಡು ಹೋದರು ಅಂದ. ಪೈಪು ಮುಟ್ಟಬೇಡ, ನನ್ನದು ಅವನಿಗೆ ಹೋಗುತ್ತಿದ್ದರೆ ಹೋಗಲಿ, ತಮ್ಮನಿಗೆ ಮಾತ್ರ ಹೇಳಬೇಡ ಅಂದರಂತೆ.

ಅಣ್ಣನ ಮೇಲೆ ನನಗೆ ಪ್ರೀತಿ ಉಕ್ಕಿ ಬಂತು. ಹಾಗಾದರೆ ತಮ್ಮನಿಗಾದರೂ ಗೊತ್ತಾಗದ ಹಾಗೆ ನೋಡಿಕೋ ಅಂದೆ.

ಮೇಸ್ತ್ರಿ ಈಗ ಜೋರಾಗಿಯೇ ನಕ್ಕ. ಏನೋ ಅನುಮಾನ ಹತ್ತಿ ತಮ್ಮ ಮೊನ್ನೆಯೇ ಬಂದು, ಗಾಡಿಯ ಕೆಳಗೆ ಮಲಗಿ ಪೈಪನ್ನು ಕಣ್ಣಾರೆ ನೋಡಿಕೊಂಡು ಹೋದನಂತೆ. ಅಣ್ಣನ ಟ್ಯಾಂಕಿಗೆ ಗುಟ್ಟಾಗಿ ಡೀಸೆಲ್ ಹಾಕಲು ಮೇಸ್ತ್ರಿಯ ಕ್ಯಾನನ್ನೇ ಇಸಕೊಂಡು, ಅಣ್ಣನಿಗೆ ಹೇಳಬೇಡ ಅಂತ ಕೈ ಮುಗಿದನಂತೆ.

"ಈ ಗುಟ್ಟು ಇನ್ ಯಾರ್ಗೂ ಗೊತ್ತಾಗ್ದಂಗೆ ನೋಡ್ಕಬೇಕು ಅಂದ್ರೆ" ಅಂದ ಮೇಸ್ತ್ರಿ, "ಇನ್ ಉಳಿದಿರಾದು ಆ ಪಿಕಪ್ಪೊಂದೇ ಕಣಕ್ಕ."